ದಶಕಗಳ ಸಂಧಿ

ಕಾಲವು ಅಖಂಡವಾದುದು. ಅದನ್ನು ಖಂಡಖಂಡವಾಗಿ ಎಣಿಸುವುದು ಲೋಕವ್ಯವಹಾರದ ಅನುಕೂಲಕ್ಕಾಗಿ ಏರ್ಪಟ್ಟ ಪದ್ಧತಿ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಈ ಪದ್ಧತಿಯ ಹಳೆಯ ರೂಪ ಪರಿಚಿತವಾದುದೇ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಎಂದು ಅಲ್ಲಿ ಕಾಲನಿರ್ದೇಶವು ಸಾಗುತ್ತದೆ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು ಒಂದು ಸುತ್ತನ್ನು ಮುಗಿಸಿ ಮತ್ತೆ ಮೊದಲಾಗುತ್ತವೆ. ಹತ್ತು ವರ್ಷಗಳನ್ನು ಒಂದು ಕಟ್ಟಾಗಿ ಕಟ್ಟಿ, ಆ ಕಟ್ಟಿಗೆ ತನ್ನದೇ ಆದ ಸ್ವಭಾವವೊಂದನ್ನು ಆರೋಪಿಸುವ ರೂಢಿ ಅಲ್ಲಿಲ್ಲ. ಶತಕವೆಂದರೆ ನೂರು ಪದ್ಯಗಳ ಕೃತಿ, ದಶಕವೆಂದರೆ ಹತ್ತು ಪದ್ಯಗಳ ಗುಚ್ಛ ಎಂದೇ ಹಳೆಯ ವಿದ್ವಾಂಸರು ತಿಳಿದಿದ್ದರು. 'ಅರವತ್ತರ ದಶಕ', 'ಎಪ್ಪತ್ತರ ದಶಕ' ಎಂಬ ಮಾತುಗಳು ಆಂಗ್ಲ ಕಾಲಗಣನೆಯ ಜೊತೆಯಲ್ಲಿ ಬಂದು, ವೃತ್ತಪತ್ರಿಕೆಗಳ ಮೂಲಕ ಹಬ್ಬಿ, ಈಗ ಪ್ರೌಢಶಾಲೆಯ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿಯೂ ನೆಲೆಯೂರಿವೆ.

ಹೀಗೆ ನೆಲೆಯೂರಿದ ಮಾತನ್ನು ತರಗತಿಯಲ್ಲಿ ವಿವರಿಸಬೇಕಾದ ಅಧ್ಯಾಪಕನಿಗೆ ತೊಡಕೊಂದು ಎದುರಾಗುತ್ತದೆ. 'ಎಪ್ಪತ್ತರ ದಶಕದ ಸಾಹಿತ್ಯವೆಂದರೆ 1970ರ ಜನವರಿ 1ರಿಂದ 1979ರ ಡಿಸೆಂಬರ್ 31ರವರೆಗೆ ಪ್ರಕಟವಾದುದೆಲ್ಲವೂ ಹೌದೆ?' ಎಂದು ಚುರುಕಾದ ಬಾಲಕನೊಬ್ಬನು ಕೇಳಿದರೆ ಏನೆನ್ನಬೇಕು? ಪಂಚಾಂಗದ ಲೆಕ್ಕದಲ್ಲಿ ಆ ಜನವರಿ 1 ಸೌಮ್ಯ ಸಂವತ್ಸರದ ನಡುವಿನ ಒಂದು ಸಾಮಾನ್ಯ ದಿನ. ಸಾಧಾರಣ ಸಂವತ್ಸರವು ಹುಟ್ಟಲು ಇನ್ನೂ ಮೂರು ತಿಂಗಳಿಗೆ ಮಿಕ್ಕು ಕಾಲವಿತ್ತು. ಆ ದಿನ ಕನ್ನಡದ ಕವಿಗಳಾಗಲಿ ಓದುಗರಾಗಲಿ ಹಿಂದಿನ ದಿನಕ್ಕಿಂತ ಬೇರೆಯವರಾಗಿ ಎದ್ದರೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಸಾಹಿತ್ಯ ಚರಿತ್ರಕಾರರಿಗೆ ಈ ತೊಡಕು ಹೊಸದಲ್ಲ. ಮೊದಮೊದಲು ಮತಗಳ ಹೆಸರಿನಿಂದ ಯುಗವಿಭಾಗ ಮಾಡುತ್ತಿದ್ದರು. ರಂ. ಶ್ರೀ. ಮುಗಳಿಯವರು 1953ರ ತಮ್ಮ 'ಕನ್ನಡ ಸಾಹಿತ್ಯ ಚರಿತ್ರೆ'ಯಲ್ಲಿ ಪಂಪ, ಬಸವ, ಕುಮಾರವ್ಯಾಸರಂಥ ಯುಗಪುರುಷರ ಹೆಸರಿನಿಂದ ವಿಭಾಗಿಸಿದರು. ಶತಮಾನಗಳ ಮಟ್ಟಿಗೆ ಇದು ಸಾಗುತ್ತದೆ. ಹತ್ತು ವರ್ಷಗಳಿಗೊಬ್ಬ ಯುಗಪುರುಷನನ್ನು ತರುವುದು ಎಲ್ಲಿಂದ?

ಇಲ್ಲಿ ವ್ಯಾಕರಣವು ಸ್ವಲ್ಪ ನೆರವಾಗುತ್ತದೆ. ಎರಡು ಪದಗಳು ಕೂಡುವಲ್ಲಿ ಆಗುವ ವ್ಯತ್ಯಾಸಕ್ಕೆ ಸಂಧಿಯೆಂದು ಹೆಸರು. ಊರು, ಅಲ್ಲಿ ಎಂಬೆರಡು ಕೂಡಿದರೆ 'ಊರಲ್ಲಿ' ಎಂದಾಗುತ್ತದೆ. ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ. ಮನೆ, ಅನ್ನು ಎಂಬೆರಡು ಕೂಡಿದರೆ 'ಮನೆಯನ್ನು'. ಎರಡರಲ್ಲಿಯೂ ಇಲ್ಲದ ಯಕಾರವೊಂದು ನಡುವೆ ಬಂದು ಸೇರುತ್ತದೆ. ಮಳೆ, ಕಾಲ ಎಂಬೆರಡು ಕೂಡಿದರೆ 'ಮಳೆಗಾಲ'. ಹಿಂದಿನ ಪದ ಇದ್ದಂತೆಯೇ ಇದ್ದು, ಬರುವ ಪದವೇ ತನ್ನ ಮೊದಲ ಅಕ್ಷರವನ್ನು ಬದಲಿಸಿಕೊಳ್ಳುತ್ತದೆ. ಲೋಪ, ಆಗಮ, ಆದೇಶಗಳೆಂದು ಮಕ್ಕಳು ಬಾಯಿಪಾಠ ಮಾಡುವ ಈ ಮೂರೂ ದಶಕಗಳ ಕೂಡುವಿಕೆಯಲ್ಲಿಯೂ ಉಂಟು. ಉಪಮೆಯನ್ನು ಬಹುದೂರ ಎಳೆದರೆ ಹರಿದೀತು, ನಿಜ. ಆದರೆ ಒಂದು ಅಂಶ ಇದರಿಂದ ಸ್ಪಷ್ಟವಾಗುತ್ತದೆ: ಸಂಧಿಯೆಂಬುದು ಗೆರೆಯಲ್ಲ, ಕ್ರಿಯೆ. ಮತ್ತು ಅದು ನಡೆಯುವುದು ಉಚ್ಚಾರಣೆಯಲ್ಲಿ, ಅಂದರೆ ಆಡುವವನ ಬಾಯಿಗೂ ಕೇಳುವವನ ಕಿವಿಗೂ ನಡುವೆ.

ಪ್ರಾಸದ ಕಥೆ ಇದಕ್ಕೊಂದು ನಿದರ್ಶನ. ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕೆಂಬ ಆದಿಪ್ರಾಸದ ನಿಯಮವು ಕನ್ನಡ ಕಾವ್ಯವನ್ನು ಸಾವಿರ ವರ್ಷಗಳ ಕಾಲ ಆಳಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಕೈಬಿಟ್ಟರು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಪುಸ್ತಕರೂಪದಲ್ಲಿ ನಾಡಿನ ಕೈಸೇರಿದ್ದು 1926ರಲ್ಲಿ. ನಡುವಣ ಹದಿನೈದು ವರ್ಷಗಳಲ್ಲಿ ಪ್ರಾಸವು ಕವಿಯ ಲೇಖನಿಯಿಂದ ಬಿದ್ದಿತ್ತೇ ಹೊರತು ಕೇಳುವವರ ಕಿವಿಯಿಂದ ಬಿದ್ದಿರಲಿಲ್ಲ. ಎರಡನೆಯ ಅಕ್ಷರದಲ್ಲಿ ಏನೋ ಕೊರತೆಯಾಯಿತೆಂದು ಆ ಕಿವಿಗೆ ಅನ್ನಿಸುವುದು ನಿಂತಾಗ ಹಳೆಯ ಕಾಲವು ಹೊಸದಕ್ಕೆ ಎಡೆಗೊಟ್ಟಿತು. ಪೂರ್ಣವಾಗಿ ನಿಂತಿತೇ ಎಂದರೆ, ಪ್ರಾಸದ ಪದ್ಯವನ್ನು ಕೇಳಿ ತಲೆದೂಗುವ ಹಿರಿಯರು ಇಂದಿಗೂ ಇಲ್ಲದಿಲ್ಲ.

ಈಗ ಎಪ್ಪತ್ತರ ದಶಕಕ್ಕೆ ಬರಬಹುದು. 1970ರಲ್ಲಿ ನಡೆದುದೇನು? ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ್ದ 'ಸಂಸ್ಕಾರ' ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಲನಚಿತ್ರವಾಗಿಸಿದರು. ಮೊದಲು ಸೆನ್ಸಾರಿನ ತಡೆಗೆ ಸಿಲುಕಿದ ಆ ಚಿತ್ರ ಅನಂತರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪುರಸ್ಕಾರವನ್ನು ಪಡೆಯಿತು. ಅದೇ ವರ್ಷ ಪಿ. ಲಂಕೇಶರು ಹೊಸ ಕವಿತೆಗಳನ್ನು ಆಯ್ದು 'ಅಕ್ಷರ ಹೊಸ ಕಾವ್ಯ'ವನ್ನು ಸಂಪಾದಿಸಿದರು. ಮರುವರ್ಷ 'ವಂಶವೃಕ್ಷ' ಚಿತ್ರ ಬಂದಿತು. ಅದರ ಮೂಲವಾದ ಎಸ್. ಎಲ್. ಭೈರಪ್ಪನವರ ಕಾದಂಬರಿಯೂ 1965ರದೇ. 1972ರಲ್ಲಿ ಗೋಪಾಲಕೃಷ್ಣ ಅಡಿಗರ 'ವರ್ಧಮಾನ' ಸಂಕಲನ ಹೊರಬಂದಿತು. ದಿನದರ್ಶಿಕೆಯ ಪ್ರಕಾರ ಇವೆಲ್ಲವೂ ಎಪ್ಪತ್ತರ ದಶಕದ ಘಟನೆಗಳು. ಸ್ವಭಾವವನ್ನು ನೋಡಿದರೆ ಅರವತ್ತರ ದಶಕವು ತನ್ನ ತುಂಬು ಫಸಲನ್ನು ಮನೆಗೆ ತಂದುಕೊಳ್ಳುತ್ತಿದ್ದ ಕಾಲವದು. 1954ರ 'ಚಂಡೆಮದ್ದಳೆ'ಯಲ್ಲಿ ಗಟ್ಟಿಯಾಗಿ ಕೇಳಿಸಿದ ನವ್ಯದ ದನಿ, ಹದಿನಾರು ವರ್ಷಗಳ ಅನಂತರ, ಕವಿತೆಯನ್ನೇ ಓದದ ಜನರಿಗೂ ಚಿತ್ರಮಂದಿರದಲ್ಲಿ ಮುಟ್ಟಿತು.

ನವ್ಯ ಕವಿಯು ಯಾರಿಗಾಗಿ ಬರೆದನೆಂಬುದನ್ನು ಇಲ್ಲಿ ಗಮನಿಸುವುದು ಅಗತ್ಯ. ನವೋದಯದ ಭಾವಗೀತೆಗೆ ಸಭೆಯಿತ್ತು. ಬೇಂದ್ರೆಯವರು ತಮ್ಮ ಕವಿತೆಗಳನ್ನು ತುಂಬಿದ ಸಭೆಯಲ್ಲಿ ಓದುತ್ತಿದ್ದ ಬಗೆಯನ್ನು ಕಂಡವರು ಬಹುಕಾಲ ನೆನೆಯುತ್ತಿದ್ದರು. ನವ್ಯವು ಆ ಗೇಯತೆಯನ್ನೇ ಸಂಶಯದಿಂದ ನೋಡಿತು. ಹಾಡಿಕೆಯ ಮಾಧುರ್ಯದಲ್ಲಿ ಸತ್ಯವು ಮಸುಕಾಗುವುದೆಂಬ ಶಂಕೆ ಅದಕ್ಕಿತ್ತು. ಆಡುಮಾತಿನ ಲಯ, ಮುಕ್ತಛಂದಸ್ಸು, ಬಿಡಿಸಿ ಅರಿಯಬೇಕಾದ ಪ್ರತಿಮೆಗಳು, ಅಂತರ್ಮುಖವಾದ ವ್ಯಂಗ್ಯ, ಇವುಗಳಿಂದ ಕೂಡಿದ ಆ ಕವಿತೆ ಒಬ್ಬನೇ ಕುಳಿತು, ಹಿಂದುಮುಂದು ತಿರುಗಿಸಿ ಓದುವ ಓದುಗನನ್ನು ಬಯಸಿತು. ಆ ಓದುಗನು ಬಹುಮಟ್ಟಿಗೆ ಕಾಲೇಜು ಕಂಡವನು. ಅಡಿಗರ 'ಸಾಕ್ಷಿ', ಧಾರವಾಡದ 'ಸಂಕ್ರಮಣ' ಮೊದಲಾದ ಪತ್ರಿಕೆಗಳು ತಲುಪುತ್ತಿದ್ದುದೂ ಅಂಥವರನ್ನೇ. ಇದು ದೋಷವೆಂದು ಹೇಳಬೇಕಾಗಿಲ್ಲ. ಪ್ರತಿಯೊಂದು ಕಾಲದ ಸಾಹಿತ್ಯವೂ ತನ್ನ ಕೇಳುಗನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟುತ್ತದೆ. ಹಾಗಾದರೆ ಆ ಕೇಳುಗನು ಎಂದು ಬದಲಾದನೆಂಬುದನ್ನು ಕಂಡುಹಿಡಿದರೆ ದಶಕವು ಎಂದು ಬದಲಾಯಿತೆಂಬುದೂ ತಿಳಿದೀತು.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರಾಯಿತು. ನಾಡೆಲ್ಲ ಸಂಭ್ರಮಿಸಿದ ಆ ತಿಂಗಳಿನಲ್ಲಿಯೇ, ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ನಾಡಿನ ಊರೂರುಗಳಲ್ಲಿ ಪ್ರತಿಭಟನೆಗಳಾದವು. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಎರಡು ಬಣಗಳಾದರು. ದಲಿತ ವಿದ್ಯಾರ್ಥಿಗಳು ಹಲವೆಡೆ ಏಟು ತಿಂದರು. ಮಂತ್ರಿಗಳು ಪದವಿಯನ್ನು ಬಿಡಬೇಕಾಯಿತು. ಪಂಡಿತವರ್ಗದ ಪ್ರತಿಕ್ರಿಯೆ ಊಹಿಸಬಹುದಾದದ್ದೇ. ಪಂಪನಿಲ್ಲವೇ, ವಚನಗಳಿಲ್ಲವೇ, ಕುಮಾರವ್ಯಾಸನಿಲ್ಲವೇ ಎಂದು ಸಿರಿವಂತರು ಒಡವೆಗಳನ್ನು ಎಣಿಸುವಂತೆ ಎಣಿಸತೊಡಗಿದವರು ಅನೇಕರು. ಆದರೆ ಪ್ರಶ್ನೆಯು ಒಡವೆಗಳಿವೆಯೇ ಎಂಬುದಾಗಿರಲಿಲ್ಲ. ಆ ಪೆಟ್ಟಿಗೆಯ ಮುಂದೆ ತಲೆಮಾರುಗಳಿಂದ ಹೊರಗೆ ನಿಂತವನಿಗೆ ಅವುಗಳಿಂದೇನು ಎಂಬುದಾಗಿತ್ತು. ಉತ್ತರ ಕೊಟ್ಟವರು ತಮ್ಮ ಅಭ್ಯಾಸದ ಕೇಳುಗನಿಗೆ ಉತ್ತರ ಕೊಟ್ಟರು. ಪ್ರಶ್ನೆ ಕೇಳಿದವನು ಬೇರೆಯಾಗಿದ್ದನು. (ಬೂಸಾ ಎಂಬುದು ನಿಷ್ಪ್ರಯೋಜಕ ವಸ್ತುವೆಂಬ ಭಾವನೆ ಪೇಟೆಯವರದು. ದನ ಕಟ್ಟಿದ ರೈತನನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ.) ಎಪ್ಪತ್ತರ ದಶಕವು ಕನ್ನಡದಲ್ಲಿ ನಿಜವಾಗಿ ಆರಂಭವಾದ ದಿನವನ್ನು ಹೇಳಲೇಬೇಕೆಂದಾದರೆ ಈ ನವೆಂಬರ್ ತಿಂಗಳನ್ನು ಹೇಳಬಹುದು. ದೇವನೂರ ಮಹಾದೇವರ ಮೊದಲ ಕಥಾಸಂಕಲನ 'ದ್ಯಾವನೂರು' ಪ್ರಕಟವಾದುದೂ ಅದೇ 1973ರಲ್ಲಿ.

ಕೃತಿಯೊಂದು ತನ್ನ ದಶಕಕ್ಕಾಗಿ ಕಾದು ಕುಳಿತಿರುವುದೂ ಉಂಟು. ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದುದು 1933ರಲ್ಲಿ. ದಕ್ಷಿಣ ಕನ್ನಡದ ಅಸ್ಪೃಶ್ಯ ಜೀತದಾಳು ಚೋಮನಿಗೆ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಉಳಬೇಕೆಂಬ ಆಸೆಯಿದೆ. ಉಳಲು ನೆಲ ಕೊಡುವವರಿಲ್ಲ. ಮಾತಾಗದ ಸಂಕಟವೆಲ್ಲ ದುಡಿಯ ಬಡಿತವಾಗಿ ಹೊರಡುತ್ತದೆ. ಓದಿದವರು ಮರುಗಿದರು, ಮೆಚ್ಚಿದರು, ಪಠ್ಯವಾಗಿಯೂ ಇಟ್ಟರು. ನಲವತ್ತೆರಡು ವರ್ಷಗಳ ಬಳಿಕ, 1975ರಲ್ಲಿ, ಬಿ. ವಿ. ಕಾರಂತರು ಅದನ್ನು ಚಿತ್ರವಾಗಿಸಿದರು. ಅದಕ್ಕೂ ಹಿಂದಿನ ವರ್ಷದ ಮಾರ್ಚ್ 1ರಂದು ಉಳುವವನಿಗೆ ಭೂಮಿಯನ್ನು ಕೊಡಿಸುವ ತಿದ್ದುಪಡಿ ಶಾಸನ ಜಾರಿಗೆ ಬಂದಿತ್ತು. ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಅರ್ಜಿ ಹಿಡಿದು ನಿಂತಿದ್ದರು. 1933ರಲ್ಲಿ ಕರುಣರಸದ ಕಥೆಯಾಗಿದ್ದುದು 1975ರಲ್ಲಿ ಹಕ್ಕಿನ ಕಥೆಯಾಗಿ ಕೇಳಿಸಿತು. ಕಥೆ ಮಾತ್ರ ಅದೇ. ಒಂದು ಸೂಕ್ಷ್ಮವನ್ನು ಇಲ್ಲಿ ಮರೆಯಬಾರದು: ಆ ಶಾಸನದ ಮುಖ್ಯ ಫಲ ದೊರೆತದ್ದು ಗೇಣಿದಾರನಿಗೆ. ಚೋಮನು ಗೇಣಿದಾರನಲ್ಲ, ಆಳು. ಅವನು ಬದುಕಿದ್ದು ನ್ಯಾಯಮಂಡಳಿಯ ಬಾಗಿಲಿಗೆ ಹೋಗಿದ್ದರೂ ಅವನ ಹೆಸರು ಯಾವ ಗೇಣಿಚೀಟಿಯಲ್ಲಿಯೂ ಸಿಗುತ್ತಿರಲಿಲ್ಲ. ದುಡಿ ಆಗಲೂ ನಿಲ್ಲಬೇಕಾಗಿರಲಿಲ್ಲ.

ಅದೇ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಸಂಕಲನದ ಹೆಸರಿನ ಕೊನೆಯ ಪದವನ್ನು ಓದುಗರು ಗಮನಿಸಬೇಕು. ನವ್ಯವು ದೂರವಿಟ್ಟಿದ್ದ ಹಾಡು ಇಲ್ಲಿ ಮರಳಿ ಬಂದಿತು. ಪಲ್ಲವಿ, ಮರುಕಳಿಸುವ ಸಾಲು, ಅಂತ್ಯಪ್ರಾಸ, ಜಾನಪದದ ಮಟ್ಟು ಎಲ್ಲವೂ ಬಂದವು. ಇವು ಬರಹದ ಪುಟದಿಂದ ಎದ್ದು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ತಮಟೆಯ ಜೊತೆಯಲ್ಲಿ, ಅಕ್ಷರ ಬಲ್ಲವರೂ ಬಾರದವರೂ ಕೂಡಿ ಹಾಡುವ ಹಾಡುಗಳಾದವು. ಹೊಸದು ಬಂದಾಗ ಹಳೆಯದು ತೊಲಗುವುದೆಂಬ ಸಾಮಾನ್ಯ ನಂಬಿಕೆಗೆ ಇದು ಹೊಂದುವುದಿಲ್ಲ. ಬರುವ ಕಾಲವು ತನಗಿಂತ ಹಿಂದಿನ ಕಾಲದ ಲಕ್ಷಣವೊಂದನ್ನು ಧರಿಸಿ ಬರುತ್ತದೆ. ಮಳೆಯನ್ನು ಕೂಡುವಾಗ ಕಾಲವು ಗಾಲವಾದಂತೆ. ರಂಗಭೂಮಿಯಲ್ಲಿ ಈ ಸೂಚನೆ ತುಸು ಮೊದಲೇ ಕಂಡಿತ್ತು. ಗಿರೀಶ ಕಾರ್ನಾಡರ 'ಹಯವದನ'ದಲ್ಲಿಯೂ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿಯೂ ಭಾಗವತನು, ಮೇಳವು, ಹಾಡು ಕುಣಿತಗಳು ಪುನಃ ಪ್ರವೇಶಿಸಿದ್ದವು. ಮುಕ್ತಛಂದಸ್ಸೇ ಕಾವ್ಯದ ಕೊನೆಯ ಮೆಟ್ಟಿಲೆಂದು ಛಂದಸ್ಸಿನ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡುವುದು ಈ ಕಾರಣದಿಂದ ಸರಿಯಾಗಲಾರದು.

ಇದರ ನಡುವೆ 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಆ ಸಂವತ್ಸರದ ಹೆಸರು ರಾಕ್ಷಸ. ಪಂಚಾಂಗಕ್ಕೂ ಒಮ್ಮೊಮ್ಮೆ ವ್ಯಂಗ್ಯ ತಿಳಿಯುತ್ತದೆ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ್ದ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬಂಧಿತರಾಗಿ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಕಾಯಿಲೆಯಿಂದ ಬಳಲಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಗ್ರಹಾರದ ಸಂಸ್ಕಾರವನ್ನು ಕುರಿತ ಪ್ರಶ್ನೆಯಿಂದ ಆರಂಭವಾದ ಪಯಣವು ಇಷ್ಟು ವರ್ಷಗಳಲ್ಲಿ ಎಲ್ಲಿಗೆ ಬಂದು ಮುಟ್ಟಿತೆಂಬುದನ್ನು ಇದೊಂದೇ ಸಂಗತಿ ತೋರಿಸುತ್ತದೆ. ವ್ಯಕ್ತಿಯ ಒಳತೋಟಿಯೇ ಸಾಹಿತ್ಯದ ಪರಮ ವಿಷಯವೆಂಬ ನಿಲುವಿನಲ್ಲಿ ಅನಂತರ ಹೆಚ್ಚು ಜನರು ನಿಲ್ಲಲಿಲ್ಲ.

ಸಂಧಿಕಾರ್ಯವು ಕಣ್ಣಿಗೆ ಕಾಣುವಂತೆ ನಡೆದದ್ದು 1979ರಲ್ಲಿ. ಆ ವರ್ಷದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಧರ್ಮಸ್ಥಳದಲ್ಲಿ ಸೇರಿತು, ಅದು ಐವತ್ತೊಂದನೆಯದು. ಅಧ್ಯಕ್ಷರು ಗೋಪಾಲಕೃಷ್ಣ ಅಡಿಗರು. ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿಯನ್ನು ಕೇಳಿ ಪಡೆಯದೆ ಅಸಮಾಧಾನಗೊಂಡ ಲೇಖಕರು ಬೆಂಗಳೂರಿನಲ್ಲಿ ಬೇರೆಯಾಗಿ ಕೂಡಿದರು. ಬಂಡಾಯ ಸಾಹಿತ್ಯ ಸಂಘಟನೆ ಮೈದಾಳಿದ್ದು ಅಲ್ಲಿಯೇ. ಮೂವತ್ತು ವರ್ಷಗಳ ಹಿಂದೆ ನವೋದಯದ ಮಾಧುರ್ಯವನ್ನು ತಿರಸ್ಕರಿಸಿ ಹೊರಟ ಕವಿ, ನಾಡು ಕೊಡಬಹುದಾದ ಅತ್ಯುನ್ನತ ಪೀಠದಲ್ಲಿ ಕುಳಿತಿದ್ದಾರೆ. ಅವರ ಭಾಷೆಯಲ್ಲಿಯೇ ಸಿಟ್ಟನ್ನು ಕಲಿತ ಕಿರಿಯರು ಇನ್ನೊಂದೂರಿನಲ್ಲಿ ಬೇರೆ ಸಭೆ ಸೇರಿದ್ದಾರೆ. ಅಡಿಗರಿಗೆ ಸಂದ ಗೌರವ ಯೋಗ್ಯವಾದುದೇ ಆಗಿತ್ತು. ಆದರೆ ಒಂದು ಕಾಲದ ಬಂಡಾಯಕ್ಕೆ ಪೀಠ ದೊರೆತ ಹೊತ್ತಿನಲ್ಲಿ ಆ ಕಾಲವು ಮುಗಿದಿರುತ್ತದೆ. ಇದನ್ನು ನಿಂದೆಯಾಗಿ ಹೇಳುವ ಕಾರಣವಿಲ್ಲ. ಬಂಡಾಯ ಸಾಹಿತಿಗಳೂ ಮುಂದೆ ಅಂಥ ಪೀಠಗಳನ್ನು ಅಲಂಕರಿಸಿದರು.

ಮುಂದಿನ ಸಂಧಿಯನ್ನು ಕುರಿತು ಇಲ್ಲಿ ಸೂಚಿಸಿದರೆ ಸಾಕು. 1980ರಲ್ಲಿ 'ಲಂಕೇಶ್ ಪತ್ರಿಕೆ' ಆರಂಭವಾಗಿ ಸಾಹಿತ್ಯವೂ ರಾಜಕೀಯವೂ ಒಂದೇ ಹಾಳೆಯಲ್ಲಿ ಸಂತೆಗೆ ಬಂದವು. 1982ರ ಗೋಕಾಕ್ ಚಳವಳಿಯಲ್ಲಿ ಚಿತ್ರನಟ ರಾಜಕುಮಾರರ ಕರೆಗೆ ಜನಸ್ತೋಮ ಓಗೊಟ್ಟಿತು. ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಅದೇ ಲಂಕೇಶರ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹರಿದು, ಅಲ್ಲಿಯವರೆಗೆ ಕನ್ನಡ ಕಾದಂಬರಿಯು ಒಳಹೊಕ್ಕು ನೋಡದಿದ್ದ ಮನೆಗಳ ಬಾಗಿಲನ್ನು ತೆರೆಯಿತು. ಕೇಳುಗನು ಮತ್ತೊಮ್ಮೆ ಬದಲಾಗಿದ್ದನು. ಈ ಬಾರಿ ಕೇಳುಗಳೂ ಆಗಿದ್ದಳು.

ಎಲ್ಲ ಕೃತಿಗಳೂ ಈ ಲೆಕ್ಕಕ್ಕೆ ಒಳಪಡುತ್ತವೆಂದು ಅಧ್ಯಾಪಕರು ಭಾವಿಸಬಾರದು. ನವ್ಯವು ಉಚ್ಛ್ರಾಯದಲ್ಲಿದ್ದ 1967ರಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಪ್ರಕಟವಾಯಿತು. ಆ ದಶಕದ ಯಾವ ಲಕ್ಷಣವೂ ಅದಕ್ಕೆ ಅಂಟಿಲ್ಲ. ಮಾಸ್ತಿಯವರಿಗೆ ಜ್ಞಾನಪೀಠ ಪ್ರಶಸ್ತಿ ಸಂದದ್ದು 1983ರ ಸಾಲಿನಲ್ಲಿ, ಬಂಡಾಯದ ಕಹಳೆ ಇನ್ನೂ ಮೊಳಗುತ್ತಿದ್ದಾಗ. ಗಮಕಿಗಳು ಕುಮಾರವ್ಯಾಸ ಭಾರತವನ್ನು ಓದುವ ದೇವಾಲಯದ ಜಗಲಿಗೆ ಈ ದಶಕಗಳಲ್ಲಿ ಒಂದೂ ಕಾಲಿಡಲಿಲ್ಲ. ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ, ತಾತನದೊಂದು ದಶಕ ಮೊಮ್ಮಗನದೊಂದು ದಶಕ ನಡೆಯುತ್ತಿರುವುದು ಯಾರೂ ಕಾಣದ ಸಂಗತಿಯಲ್ಲ. ಹಳೆಯ ವಿದ್ಯಾರ್ಥಿಗಳ ಸಮಾವೇಶಗಳಲ್ಲಿ ಪ್ರತಿಯೊಂದು ತಂಡವೂ ತನ್ನ ಕಾಲವೇ ಸುವರ್ಣಕಾಲವೆಂದು ವಾದಿಸುವುದೂ ಈ ಕಾರಣದಿಂದಲೇ ಇರಬೇಕು.

ಶಾಲೆಗಳಲ್ಲಿ ದಶಕಗಳು ಇನ್ನಷ್ಟು ನಿಧಾನವಾಗಿ ಬರುತ್ತವೆ. ದಾನಿಗಳು ಔದಾರ್ಯದಿಂದ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಕೊಡುವಾಗ ತಮ್ಮ ಯೌವನದಲ್ಲಿ ತಾವು ಮೆಚ್ಚಿದ ಪುಸ್ತಕಗಳನ್ನು ಕೊಡುತ್ತಾರೆ. ಅಧ್ಯಾಪಕರು ತಾವು ಪದವಿಯ ತರಗತಿಯಲ್ಲಿ ಓದಿದುದನ್ನು ಪಾಠ ಹೇಳುತ್ತಾರೆ. ಎರಡೂ ಸಹಜ, ಎರಡೂ ಸ್ತುತ್ಯ. ಪರಿಣಾಮವಾಗಿ ಮಕ್ಕಳ ಕೈಗೆ ಸಿಗುವ ದಶಕವು ಹೊರಗಿನ ದಶಕಕ್ಕಿಂತ ಹದಿನೈದು ಇಪ್ಪತ್ತು ವರ್ಷ ಹಿಂದಿನದಾಗಿರುತ್ತದೆ. ಪ್ರಥಮ ಬಾರಿಗೆ ಶಾಲೆಯ ಮೆಟ್ಟಿಲೇರಿದ ಮನೆತನದ ಮಗುವಿಗೆ ಈ ವಿಳಂಬ ಭಾರವಾದೀತು. ತನ್ನ ಕೇರಿಯ ಮಾತಿನಲ್ಲಿ ಬರೆದ ಕಥೆಯೊಂದು ಕನ್ನಡದಲ್ಲಿ ಇದೆಯೆಂಬುದು ಆ ಮಗುವಿಗೆ ತಿಳಿಯುವ ಮೊದಲೇ ಅದು ಶಾಲೆ ಬಿಟ್ಟು ಹೋಗಿರುವ ಸಂಭವವಿದೆ.

ಇದನ್ನು ಅಳೆಯುವುದು ಕಷ್ಟವಲ್ಲ. ಶಾಲಾ ಗ್ರಂಥಾಲಯಗಳಲ್ಲಿ ದಾಖಲಾತಿ ಪುಸ್ತಕವೆಂಬುದೊಂದು ಇರುತ್ತದೆ. ಪ್ರತಿಯೊಂದು ಪುಸ್ತಕದ ಹೆಸರಿನ ಮುಂದೆ ಪ್ರಕಟಣೆಯ ವರ್ಷ, ಗ್ರಂಥಾಲಯಕ್ಕೆ ಬಂದ ದಿನಾಂಕ, ಕೊಂಡದ್ದೋ ದಾನವಾಗಿ ಬಂದದ್ದೋ ಎಂಬ ವಿವರ ಅದರಲ್ಲಿ ಬರೆದಿರುತ್ತದೆ. ಪುಸ್ತಕದ ಹಿಂಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಅದನ್ನು ಮೊದಲು ಎರವಲು ಪಡೆದ ದಿನಾಂಕವಿರುತ್ತದೆ. 'ಚೋಮನ ದುಡಿ' ಯಾವಾಗ ಬಂದಿತು, 'ದ್ಯಾವನೂರು' ಬಂದಿದೆಯೇ, ಬಂದಿದ್ದರೆ ಮೊದಲು ತೆರೆದವರು ಎಷ್ಟು ವರ್ಷಗಳ ಅನಂತರ ತೆರೆದರು ಎಂಬುದನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೇ ಪಟ್ಟಿ ಮಾಡಬಲ್ಲರು. ಎರಡು ಮಧ್ಯಾಹ್ನಗಳ ಕೆಲಸ. ಗಣಕಯಂತ್ರಕ್ಕೆ ಪಟ್ಟಿಯನ್ನು ಏರಿಸಿದ ಬಳಿಕ ಹಳೆಯ ದಾಖಲಾತಿ ಪುಸ್ತಕಗಳನ್ನು ರದ್ದಿಗೆ ಹಾಕುವ ಪರಿಪಾಠ ಈಚೆಗೆ ಅಲ್ಲಲ್ಲಿ ಕಾಣುತ್ತಿದೆ. ಅವುಗಳನ್ನು ತೂಕಕ್ಕೆ ಕೊಡುವ ಮುನ್ನ ಆ ಎರಡು ಮಧ್ಯಾಹ್ನಗಳು ಒದಗಿಬಂದರೆ ಒಳಿತು.